ಕಟ್ಟುವುದು, ಬಿಚ್ಚುವುದು

ನಾನು ನನ್ನ ಮೊಮ್ಮಗನನ್ನು ಕಂಬಕ್ಕೆ ಕಟ್ಟಿದ್ದೇನೆ. ಒಂದು ದಿನ ಅಲ್ಲ, ಹೆಚ್ಚುಕಡಿಮೆ ಒಂದು ವರ್ಷ. ಊರಿಗೆ ಗೊತ್ತಿದ್ದ ಮಾತೇ ಇದು. ಆದರೂ ಯಾರೂ ನನ್ನ ಮುಂದ ಆಡೂದಿಲ್ಲ, ನಾನೂ ಆಡಿಲ್ಲ. ವಾಚನಾಲಯದ ಹುಡುಗರು ಬಂದು, "ಅಜ್ಜಾ, ಈ ಸಲ ಪುಸ್ತಕಕ್ಕ ನೀನೂ ಒಂದು ಬರಿ, ನಿನ್ನ ಹಾಡಿನ ಬಗ್ಗೆ ಬರಿ" ಅಂದರು. ಹಾಡಿನ ಬಗ್ಗೆ ಬರೆಯಲು ಕುಂತೆ, ಇದು ಬಂತು. ಯಾಕಂದ್ರ ಭಜನಿಯೊಳಗ ನಾವು ರಾತ್ರಿಯೆಲ್ಲ ಹಾಡೋದು ಏನು? ಬಂಧನ ಬಿಡಬೇಕು, ಪಾಶ ಹರೀಬೇಕು. ಶಿಶುನಾಳ ಶರೀಫರ ಪದ ಇರಲಿ, ಕಡಕೋಳ ಮಡಿವಾಳಪ್ಪನ ಪದ ಇರಲಿ, ತತ್ವಪದ ಅಂದ ಮ್ಯಾಲ ಈ ಮಾತು ಬರತೈತಿ. ಪಾಶ ಅಂದ್ರ ಹಗ್ಗ. ರಾತ್ರಿ ದಮ್ಮಡಿ ಬಾರಿಸಿ ಅದನ್ನು ಹಾಡಿದ ಕೈಯೇ ಮುಂಜಾನೆದ್ದು ಕೂಸಿನ ನಡಕ್ಕ ಗಂಟು ಹಾಕುತ್ತಿತ್ತು. ಇದು ತಪ್ಪೋ ಸರಿಯೋ ಎಂದು ಅಲ್ಲಿಂದ ಇಲ್ಲಿತನಕ ವಿಚಾರ ಮಾಡುತ್ತಲೇ ಇದ್ದೇನೆ.

ಮೊದಲು 72ರ ಬರದ ಸಂಗತಿ ಹೇಳಬೇಕು. ನಮ್ಮ ಜತ್ತ ತಾಲೂಕಿಗೆ ಬರ ಅನ್ನೋದು ಬೀಗರಿದ್ದಂಗ, ಬಂದು ಹೋಗಿ ಮಾಡತೈತಿ. ಆದರೆ 1972ರದು ಬ್ಯಾರೆ. ನಾನು ಏಳನೇ ಇಯತ್ತೆ ಮುಗಿಸಿದ್ದೆ, ಹದಿಮೂರು ವರ್ಷ. ಪಾಟಿ ಚೀಲ ಗೂಟಕ್ಕ ತೂಗುಹಾಕಿ ಅವ್ವನ ಸಂಗಡ ಖಡಿ ಒಡೆಯಾಕ ಹೋದೆ. ಸರ್ಕಾರ ರಸ್ತೆ ಕೆಲಸ ತೆಗೆದಿತ್ತು. ತಿನ್ನಾಕ ಹೊರದೇಶದ ಕೆಂಪು ಮಿಲೊ ಜ್ವಾಳ, ಮಕ್ಕಳಿಗೆ ಸುಕಡಿ. ಆ ಕೆಲಸದ ಜಾಗದಲ್ಲಿ ಒಂದು ಜಾಲಿಗಿಡ ಇತ್ತು. ಅದರ ಬೊಡ್ಡಿಗೆ ಒಬ್ಬ ಹೆಣ್ಣುಮಗಳು ತನ್ನ ಮಗನನ್ನು ಕಟ್ಟಿ ಕೆಲಸಕ್ಕೆ ಕೂಡುತ್ತಿದ್ದಳು. ಐದಾರು ವರ್ಷದ ಹುಡುಗ, ಕಾಲು ಸೊಟ್ಟ, ಬಾಯಿಂದ ಜೊಲ್ಲು, ಮಾತಿಲ್ಲ. ದಿನಾ ನೋಡಿ ನೋಡಿ ನನಗೆ ಸಿಟ್ಟು ಬಂತು. ಕರುವಿಗೆ ಕಟ್ಟಿದಂಗ ಮಗನಿಗೆ ಕಟ್ಟತಾಳಲ್ಲ, ಇವಳೆಂಥಾ ತಾಯಿ ಅಂತ. ಒಂದಿನ ಬುತ್ತಿ ಬಿಚ್ಚೋ ಹೊತ್ತಿಗೆ ನಾನು ಮತ್ತು ಇನ್ನೊಬ್ಬ ಹುಡುಗ ಹೋಗಿ ಗಂಟು ಬಿಚ್ಚಿದೆವು. ದೊಡ್ಡ ಪುಣ್ಯದ ಕೆಲಸ ಮಾಡಿದ ಹಂಗ ಆತು. ಬಿಚ್ಚಿ, ನಾವು ನಮ್ಮ ರೊಟ್ಟಿಗೆ ಹೋದೆವು. ಆ ಹುಡುಗ ತೆವಳುತ್ತಾ ಖಡಿ ರಾಶಿಗೆ ಹೋದ, ಕಲ್ಲು ಜಾರಿ ಕೈಮ್ಯಾಲೆ ಬಿದ್ದವು. ಎರಡು ಬೆರಳು ಜಜ್ಜಿದವು. ಆ ತಾಯಿ ಓಡಿಬಂದು ಸೆರಗು ಹರಿದು ಕೈಗೆ ಸುತ್ತಿದಳು. ನನಗೆ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. "ಬಿಚ್ಚಿದ ಮ್ಯಾಲ ಹಿಡಕೊಂಡು ಕೂಡಬೇಕಪಾ" ಅಂದಳು ಅಷ್ಟೇ.

ಆ ಮಾತು ತಿಳಿಯಲಿಕ್ಕೆ ನನಗೆ ನಲವತ್ತು ವರ್ಷ ಹಿಡೀತು.

ಮೊಮ್ಮಗ ಹುಟ್ಟಿದ್ದು 2008ರಲ್ಲಿ. ಹುಟ್ಟಿದ ಕೂಡಲೇ ಅಳಲಿಲ್ಲ. ಅಳೋದು ತಡವಾಗಿ, ಮಿದುಳಿಗೆ ಗಾಳಿ ಸಾಲದೆ ಹೀಗಾಗಿರಬೇಕು ಎಂದು ಮುಂದೆ ಮಿರಜಿನ ಒಬ್ಬ ಡಾಕ್ಟರರು ಕಾಗದದ ಮ್ಯಾಲ ಚಿತ್ರ ತೆಗೆದು ತಿಳಿಸಿ ಹೇಳಿದರು. ಅಲ್ಲಿತನಕ ನಮಗೆ ತಿಳಿಸಿ ಹೇಳಿದವರು ಬ್ಯಾರೆಯವರು. ಹಿಂದಿನ ಜನ್ಮದ ಕರ್ಮ ಅಂದವರು ಇದ್ದರು. ಗ್ರಹಣದಾಗ ಸೊಸಿ ಹೊರಗ ಬಂದಿದ್ದಳು ಅಂದವರಿದ್ದರು. ಸೊಸಿ ಎರಡು ವರ್ಷ ತಲೆ ಎತ್ತಿ ನಡೆಯಲಿಲ್ಲ. ಡಾಕ್ಟರರ ಆ ಚಿತ್ರ ನೋಡಿ ಬಂದ ದಿನ ಅವಳು ಹೊಟ್ಟೆತುಂಬ ಉಂಡಳು, ಅದು ನನಗೆ ನೆನಪಿದೆ.

ಹುಡುಗ ಮೂರು ವರ್ಷಕ್ಕೆ ನಡೆದ. ನಡೆದ ಮೇಲೆ ನಿಲ್ಲಲಿಲ್ಲ. ಬಾಗಿಲು ತೆರೆದಿತ್ತು ಅಂದ್ರ ಓಟ. ರಸ್ತೆ, ಬಾವಿ, ಟ್ರ್ಯಾಕ್ಟರ್ ಯಾವುದೂ ಗೊತ್ತಿಲ್ಲ. ನಡುನಡುವೆ ಫಿಟ್ಸ್. ಅವನ ಹತ್ರ ಆರು ಮಾತು ಅದಾವ: ಅವ್ವ, ಅಕ್ಕ, ನೀರ, ಬಾ, ಬ್ಯಾಡ, ಇನ್ನೊಂದು ನಮಗೂ ತಿಳಿಯದ್ದು. ಆರೂ ಕನ್ನಡ ಅಂತ ಹೇಳಬೇಕು, ಯಾಕಂದ್ರ ಇಲ್ಲಿ ಅದರಿಂದಲೂ ಕಷ್ಟ ಬಂತು. ಸರ್ಟಿಫಿಕೇಟಿಗೆ ಜಿಲ್ಲೆಯ ಒಂದು ದವಾಖಾನಿಗೆ ಕರಕೊಂಡು ಹೋದಾಗ ಅಲ್ಲಿದ್ದವರು ಮರಾಠಿಯಲ್ಲಿ ಮೂಗು ತೋರಿಸು, ಕಿವಿ ತೋರಿಸು ಅಂದರು. ಅವನು ಸುಮ್ಮನೆ ಕುಂತ. ನಾನು "ಮೂಗು ಎಲ್ಲೈತಿ?" ಅಂದೆ, ಬೆರಳಿಟ್ಟ. "ನೀವು ಮಾತಾಡಬೇಡಿ" ಅಂದರು ನನಗೆ. ಕಾಗದದಾಗ ಏನೂ ತಿಳಿಯೂದಿಲ್ಲ ಅಂತ ಬರೆದರು. ಟಕ್ಕೆವಾರಿ ಹೆಚ್ಚಾತು, ಪಗಾರಿಗೆ ಅನುಕೂಲ ಆತು ಅಂತ ನಮ್ಮವರೇ ಒಬ್ಬರು ಸಮಾಧಾನ ಹೇಳಿದರು. ನನಗೆ ಆಗಲಿಲ್ಲ. ಅವನಿಗೆ ಮೂಗು ಗೊತ್ತಿತ್ತಲ್ಲ. ಆಮೇಲೆ ಇಂಥ ಮಕ್ಕಳ ವಸತಿ ಸಾಲಿಯೊಂದರಲ್ಲಿ ಬಿಟ್ಟು ಬಂದೆವು. ಹದಿನೈದು ದಿನಕ್ಕೆ ತಿರುಗಿ ಕರಕೊಂಡು ಬಂದೆ. "ನೀರ, ನೀರ" ಅಂತಿದ್ದನಂತೆ. ಅಲ್ಲಿಯವರಿಗೆ "ಪಾಣಿ" ಅಂದರಷ್ಟೇ ತಿಳೀತಿತ್ತು. ಅವರದೂ ತಪ್ಪಲ್ಲ, ನಲವತ್ತು ಮಕ್ಕಳಿಗೆ ಎರಡು ಹೆಣ್ಣುಮಕ್ಕಳು. ಆರು ಮಾತಿನವನಿಗೆ ಏಳನೇ ಮಾತು ಕಲಿಸಲು ಪುರುಸೊತ್ತು ಎಲ್ಲಿಂದ ತರಬೇಕು?

ಇನ್ನು ಕಟ್ಟಿದ ಕಥೆ. 2015ರಾಗ ಮಳಿ ಕೈಕೊಟ್ಟಿತು, 16ರ ಬ್ಯಾಸಗಿಗೆ ಬಾವಿಯ ತಳದ ಕಲ್ಲು ಕಂಡವು. ಮಿರಜದಿಂದ ಲಾತೂರಿಗೆ ರೈಲಿನ್ಯಾಗ ನೀರು ಒಯ್ದರಲ್ಲ, ಅದೇ ವರ್ಷ. ಮಗ ಸೊಸಿ ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋದರು. ಅದರ ಹಿಂದಿನ ವರ್ಷ ಹುಡುಗನನ್ನೂ ಒಯ್ದಿದ್ದರು. ಖೋಪಿಯಿಂದ ತಪ್ಪಿಸಿಕೊಂಡು ಎರಡು ಸಲ ಕಬ್ಬಿನ ಟ್ರ್ಯಾಕ್ಟರಿನ ಬುಡಕ್ಕೇ ಹೋಗಿದ್ದ. ಈ ಸಲ ನಮ್ಮ ಹತ್ರ ಬಿಟ್ಟರು. ಮನೆಯಲ್ಲಿ ನಾನು, ಮೊಣಕಾಲು ಹಿಡಿದ ನನ್ನ ಹೆಂಡತಿ, ಮೊಮ್ಮಗಳು, ಇವನು. ನನ್ನ ಹೊಲದಲ್ಲಿ ಏನೂ ಇರಲಿಲ್ಲ, ನೀರಿದ್ದವರ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುತ್ತಿದ್ದೆ. ನೀರಿನ ಟ್ಯಾಂಕರು ಬರುವುದು ಹತ್ತಕ್ಕೋ ಹನ್ನೊಂದಕ್ಕೋ, ಹೊತ್ತಿಲ್ಲ ಗೊತ್ತಿಲ್ಲ. ಬಂದು ಬಾವಿಗೆ ಸುರುವಿತು ಅಂದ್ರ ಊರಿಗೆ ಊರೇ ಕೊಡ ಹಗ್ಗ ಹಿಡಿದು ಓಡಬೇಕು. ಅರ್ಧ ತಾಸಿನಲ್ಲಿ ಬಾವಿ ಮತ್ತ ಖಾಲಿ. ಕಟ್ಟೆ ಇಲ್ಲದ ಬಾವಿ, ಅದರ ಬಾಯಿಗೆ ನೂರು ಮಂದಿ. ಅಲ್ಲಿಗೆ ಇವನನ್ನು ಒಯ್ಯುವಂತಿಲ್ಲ, ಮನೆಯಲ್ಲಿ ಬಿಡುವಂತಿಲ್ಲ, ನೀರಿಲ್ಲದೆ ಬದುಕುವಂತಿಲ್ಲ.

ಹಗ್ಗ ಹಚ್ಚಲಿಲ್ಲ. ಕಣ್ಣಿ, ದಾವಣಿ, ಪುಂಡಿನಾರಿನ ಹಗ್ಗ ಎಲ್ಲ ನಾನೇ ಹೊಸೆಯುವವ. ಯಾವ ಹಗ್ಗ ಎಲ್ಲಿ ತೊಗಲು ತಿನ್ನುತ್ತದೆ ಗೊತ್ತು. ಹೆಂಡತಿಯ ಹಳೇ ಇಳಕಲ್ ಸೀರಿ ಉದ್ದಕ್ಕ ಹರಿದು, ಮೂರು ಎಳಿ ಹೆಣೆದು, ನಡಕ್ಕ ಸಡಿಲ ಸುತ್ತಿ ಪಡಸಾಲಿ ಕಂಬಕ್ಕ ಕಟ್ಟಿದೆ. ಬಾಗಿಲ ನೆರಳಿನತನಕ ಹೋಗುವಷ್ಟು ಉದ್ದ, ಹೊಸ್ತಿಲು ದಾಟದಷ್ಟು ಗಿಡ್ಡ. ಕೈಗೆ ಸಿಗುವಂತೆ ನೀರಿನ ತಂಬಿಗೆ, ಬಾರಿಸಲಿಕ್ಕೆ ತಾಟು. ಎಷ್ಟು ಚಂದ ವಿಚಾರ ಮಾಡಿ ಕಟ್ಟಿದ್ದೆ ನೋಡ್ರಿ. ಒಂದು ತಿಂಗಳಿಗೆ ಅವನು ಸೀರಿ ಕಂಡ ಕೂಡಲೇ ತಾನೇ ಎರಡೂ ಕೈ ಮ್ಯಾಲೆತ್ತಿ ನಿಲ್ಲಾಕ ಹತ್ತಿದ. ಕಟ್ಟಲು ಅನುಕೂಲವಾಗಲಿ ಅಂತ. ಅದನ್ನ ನೋಡಿ ನನ್ನ ಹೆಂಡತಿ ಒಳಗೆ ಹೋಗಿ ಅತ್ತಳು. ನಾನು ಏನಂದೆ ಗೊತ್ತೇನು? "ಅವನಿಗೇನೂ ತ್ರಾಸ ಇಲ್ಲ, ನೋಡು, ಒಪ್ಪಿಕೊಂಡಾನ" ಅಂದೆ. ಎತ್ತೂ ನೊಗ ಕಂಡು ಕೊರಳು ಬಗ್ಗಿಸುತ್ತದೆ. ಅದನ್ನು ಒಪ್ಪಿಗೆ ಅನ್ನೋದು ಒಕ್ಕಲಿಗನ ಲೆಕ್ಕ, ಎತ್ತಿನ ಲೆಕ್ಕ ಅಲ್ಲ.

ಜನ ನನಗೆ ಏನಂದರು? "ಏನು ಮಾಡ್ತಿ, ಮಜಬೂರಿ" ಅಂದರು. ಇದೇ ಮಾತಿನ ಬಗ್ಗೆ ನನ್ನ ತಕರಾರು. ಮಜಬೂರಿ ಖರೆ. 2012-13ರ ಬರಕ್ಕೆ ಸರ್ಕಾರ ದನಗಳಿಗೆ ಛಾವಣಿ ತೆಗೆದಿತ್ತು, ಮೇವು ನೀರು ಅಲ್ಲೇ. ನನ್ನ ಎರಡೂ ದನ ಬದುಕಿದ್ದು ಅದರಿಂದ. ಕೂಸಿನ ಛಾವಣಿ ಯಾರೂ ತೆಗೆಯಲಿಲ್ಲ. ರೋಜಗಾರ ಹಮಿಯ ಕಾಯಿದೆಯಲ್ಲಿ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಕೆಲಸದ ಜಾಗಕ್ಕೆ ಬಂದಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಅಂತ ಇತ್ತು. ಒಳ್ಳೇ ಕಾಯಿದೆ. ಆದರೆ ತೀರಾ ಸಣ್ಣ ಮಕ್ಕಳಿಗೆ ಮಾತ್ರ. ನನ್ನ ಮೊಮ್ಮಗನಿಗೆ ಆಗ ಕಾಗದದ ಪ್ರಕಾರ ಎಂಟು, ಬುದ್ಧಿಯ ಪ್ರಕಾರ ಎರಡು. ಆ 2015ರ ಡಿಸೆಂಬರಿನಲ್ಲೇ ಪ್ರಧಾನಮಂತ್ರಿಗಳು ರೇಡಿಯೋದಾಗ ಅಪಂಗ ಅನ್ನಬ್ಯಾಡ್ರಿ, ದಿವ್ಯಾಂಗ ಅನ್ರಿ ಅಂದರು. ನಮ್ಮ ತಹಶೀಲಿನ ಬೋರ್ಡು ಬದಲಾತು. ಹೆಸರು ಚಲೋ ಆದ್ರ ನನಗೇನು ಬ್ಯಾಸರ ಇಲ್ಲ, ಸೀರಿಯ ಉದ್ದ ಮಾತ್ರ ಅಷ್ಟೇ ಇತ್ತು.

ಇಷ್ಟೆಲ್ಲ ಹೇಳಿಯೂ ನಾನು ಹೇಳೋದು, ಕಟ್ಟಿದ್ದು ತಪ್ಪು. ಬ್ಯಾರೆ ದಾರಿ ಇರಲಿಲ್ಲ ಅಂದ ಮಾತ್ರಕ್ಕ ತಪ್ಪು ಸರಿ ಆಗೂದಿಲ್ಲ. ಇದನ್ನ ಯಾಕ ಇಷ್ಟು ಹಟದಿಂದ ಹೇಳತೀನಿ ಅಂದ್ರ, ಸರಿ ಅಂತ ಒಪ್ಪಿಕೊಂಡ ದಿನವೇ ನಾನು ಬ್ಯಾರೆ ದಾರಿ ಹುಡುಕೋದನ್ನು ಬಿಟ್ಟಿದ್ದೆ. ಮೊದಲ ತಿಂಗಳು ಟ್ಯಾಂಕರಿನ ಹೊತ್ತಿಗಷ್ಟೇ ಕಟ್ಟುತ್ತಿದ್ದೆವು. ಮಜಬೂರಿ ಅನ್ನೋ ಮಾತು ರೂಢಿಯಾದಂಗ, ಸಂತಿಗೆ ಹೋದಾಗ, ಮದುವಿಗೆ ಹೋದಾಗ, ಕಡೀಕ ನನಗೆ ಮಧ್ಯಾಹ್ನ ಒಂದು ತಾಸು ಮಲಗಬೇಕು ಅನ್ನಿಸಿದಾಗಲೂ ಕಟ್ಟಿದೆವು. ತಮಿಳುನಾಡಿನ ಏರವಾಡಿ ಎಂಬ ಊರಲ್ಲಿ 2001ರ ಆಗಸ್ಟಿನಲ್ಲಿ ಬುದ್ಧಿಭ್ರಮಣೆ ಆದವರನ್ನು ಸರಪಳಿ ಹಾಕಿ ಇಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿದ್ದು, ಓಡಲಿಕ್ಕೆ ಬರದೆ 28 ಮಂದಿ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯದ ಕಾಯಿದೆಯಲ್ಲಿ ಅಂಥವರಿಗೆ ಸರಪಳಿ ಹಾಕಲೇಬಾರದು ಅಂತ ಬರೆದರು. ನನ್ನ ಮೊಮ್ಮಗನದು ಆ ಬ್ಯಾನಿ ಅಲ್ಲ, ನಾನು ಹಾಕಿದ್ದು ಸರಪಳಿ ಅಲ್ಲ, ಮೆತ್ತನ್ನ ಸೀರಿ. ಆದರೆ ಬೆಂಕಿಗೆ ಅದೆಲ್ಲ ಗೊತ್ತಾಗತೈತೇನು?

ನಮ್ಮ ಮನೆಯಲ್ಲಿ ಬೆಂಕಿ ಬೀಳಲಿಲ್ಲ, ಫಿಟ್ಸ್ ಬಂತು. ನಾವಿಬ್ಬರೂ ಬಾವಿಯ ಹತ್ರ. ಬಿದ್ದು ಒದ್ದಾಡಿ ನಡದ ಸೀರಿ ಎದಿಗೆ ಬಂದು ಬಿಗಿದಿತ್ತು. ಅವತ್ತು ಶನಿವಾರ, ಮುಂಜಾನೆ ಸಾಲಿ. ಮೊಮ್ಮಗಳು ಬಂದು ನೋಡಿ ಬಿಚ್ಚಿದಳು, ಮಗ್ಗಲಿಗೆ ಹೊರಳಿಸಿ ಬಾಯಿ ಒರೆಸಿದಳು. ನಾವು ಕೊಡ ಹೊತ್ತು ಬರೋದರೊಳಗ ಅವನು ಅವಳ ತೊಡಿಮ್ಯಾಲ ಮಲಗಿದ್ದ. ಅವಳು ನಮಗೆ ಏನೂ ಅನ್ನಲಿಲ್ಲ. ಸೋಮವಾರ ಸಾಲಿಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಹನ್ನೆರಡು ವರ್ಷದವಳು, ಏಳನೇ ಇಯತ್ತೆ. ಅವಳಿದ್ದರೆ ಸೀರಿ ಬೇಡ, ಅವನು ಅವಳ ಹಿಂದಿಂದೆ ತಿರುಗುತ್ತಿದ್ದ. ನಾನು ಆರಾಮಾದೆ. ಖರೆ ಹೇಳತೀನಿ, ಭಾಳ ಆರಾಮಾದೆ. ಕಂಬ ಖಾಲಿ ಆತು, ಪಾಪ ಕಳೀತು ಅಂದುಕೊಂಡೆ. ಭಜನಿಗೂ ಹೋಗಿ ದನಿ ಬಿಚ್ಚಿ ಹಾಡಿದೆ.

ಮೂರು ವಾರಕ್ಕೆ ಕನ್ನಡ ಸಾಲಿಯ ಮಾಸ್ತರರು ಮನೆಗೆ ಬಂದರು. "ಅಜ್ಜಾ, ಹುಡುಗಿ ಯಾಕ ಬರವಲ್ಲಳು?" ಅಂದರು. "ತಮ್ಮನ ನೋಡಿಕೋತಾಳ್ರಿ" ಅಂದೆ, ಹೆಮ್ಮೆಯಿಂದಲೇ ಅಂದೆ. ಅವರು ಪಡಸಾಲಿಯಲ್ಲಿ ಕುಂತು ಕಂಬ ನೋಡಿದರು, ಹುಡುಗಿಯನ್ನು ನೋಡಿದರು, ಚಹಾ ಕುಡಿದರು, ಹೋದರು. ಬೈದಿದ್ದರೆ ಚಲೋ ಆಗುತ್ತಿತ್ತು. ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ನಾನೂ ಏಳನೇ ಇಯತ್ತೆಗೇ ಬಿಟ್ಟವ, ಬರಗಾಲದಾಗೇ ಬಿಟ್ಟವ. ನನ್ನ ಚೀಲ ಗೂಟಕ್ಕ ತೂಗುಹಾಕಿದಾಗ ಯಾರೂ ಅದನ್ನು ಕಟ್ಟಿದ್ದು ಅನ್ನಲಿಲ್ಲ. ಹುಡುಗನ ನಡದಿಂದ ಬಿಚ್ಚಿದ ಸೀರಿಯನ್ನ ನಾನು ಹುಡುಗಿಯ ಕಾಲಿಗೆ ಕಟ್ಟಿದ್ದೆ. ಅದು ಕಣ್ಣಿಗೆ ಕಾಣೂದಿಲ್ಲ, ಅದಕ್ಕೇ ಅದಕ್ಕ ಸೇವೆ ಅಂತ, ಅಂತಃಕರಣ ಅಂತ ಹೆಸರು. ಹೆಣ್ಣುಮಕ್ಕಳಿಗೆ ಕಟ್ಟುವಾಗ ಯಾವಾಗಲೂ ಚಲೋ ಹೆಸರೇ ಇಡತೀವಿ ನಾವು. ಸೊಸಿ ಕಬ್ಬಿಗೆ ಹೋಗದೆ ಮನೆಯಲ್ಲಿದ್ದರೆ ಅದು ಅವಳ ಧರ್ಮ. ಮಗ ಮನೆಯಲ್ಲಿದ್ದರೆ "ಕೂಸಿನ ಸಂಬಂಧ ಗಳಿಕಿ ಬಿಟ್ಟ, ಪಾಪ" ಅಂತೀವಿ.

ಬಿಚ್ಚಿದ ಮ್ಯಾಲ ಹಿಡಕೊಂಡು ಕೂಡಬೇಕು ಅಂದಿದ್ದಳಲ್ಲ ಆ ತಾಯಿ, ಯಾರು ಕೂಡಬೇಕು ಅನ್ನೋದನ್ನ ನಾನು ವಿಚಾರ ಮಾಡಿರಲಿಲ್ಲ. ಕುಂತವರೇ ಕಟ್ಟಿಗೆ ಬಿದ್ದವರು.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಮಾಸ್ತರರ ಹತ್ರ ಹೋಗಿ ಕೇಳಿದೆ. ಹುಡುಗಿ ತಮ್ಮನನ್ನು ಕರಕೊಂಡೇ ಸಾಲಿಗೆ ಹೋದಳು, ಅವನು ಪಡಸಾಲಿಯಲ್ಲಿ ತಾಟು ಬಾರಿಸುತ್ತಾ ಕೂಡುತ್ತಿದ್ದ. ಮಕ್ಕಳಿಗೆ ಓದಾಕ ಆಗೂದಿಲ್ಲ ಅಂತ ನಾಕು ಮಂದಿ ತಕರಾರು ಮಾಡಿದರು, ಅವರ ಮಾತೂ ಖರೆ, ಭಾಳ ಸಪ್ಪಳ ಮಾಡುತ್ತಿದ್ದ. ಬ್ಯಾಸಗಿ ಸೂಟಿ ಬಂತು, ಬಚಾವಾದೆವು. ಆಮೇಲೆ ನಮ್ಮ ಭಜನಿಯಲ್ಲಿ ತಾಳ ಹಾಕುವ ಗೆಳೆಯ, ಮಾಡಗ್ಯಾಳ ಕುರಿ ಸಾಕಿದವ, "ನನ್ನ ಕುರಿ ಹಿಂದ ಬರಲಿ ಬಿಡು, ನಲವತ್ತರಾಗ ನಲವತ್ತೊಂದು" ಅಂದ. ಕುರಿಯ ನಡಿಗೆ ಸಾವಕಾಶ, ಇವನಿಗೆ ಹೊಂದಿತು. ಆದರೆ ಗೆಳೆಯ ವರ್ಷಕ್ಕೆ ಮೂರು ತಿಂಗಳು ಕುರಿ ಹೊಡಕೊಂಡು ನದಿ ಕಡೆ ಹೋಗುತ್ತಾನೆ. ಆ ಮೂರು ತಿಂಗಳು ಇದೇ ವಾಚನಾಲಯದ ಕಟ್ಟೆ, ಪೇಪರು ಓದಲು ಬರುವ ಮುದುಕರು ಪಾಳಿಯಂತೆ ನೋಡುತ್ತಾರೆ. ಇಬ್ಬರು ನೋಡೂದಿಲ್ಲ, ಹೆಸರು ಬರೆಯೂದಿಲ್ಲ, ಅವರಿಗೂ ಅಂಜಿಕಿ ಇರಬೇಕು. ಸಂಜಯ ಗಾಂಧಿ ನಿರಾಧಾರ ಯೋಜನೆಯ ಪಗಾರು 600 ಇದ್ದದ್ದು 1000 ಆತು, ಮುಂದೆ 1500 ಆತು, ಗುಳಿಗಿ ಖರ್ಚಿಗೆ ಆಗತೈತಿ. ಮನುಷ್ಯರ ಹೊತ್ತು ಮಾತ್ರ ಯಾವ ಯೋಜನೆಯಲ್ಲೂ ಬರೂದಿಲ್ಲ, ಕೇಳೇ ತಗೋಬೇಕು. ಕೇಳಾಕ ನಾಚಿಕಿ. ಕಟ್ಟೂದಕ್ಕಿಂತ ಕೇಳೂದಕ್ಕೇ ನನಗೆ ಹೆಚ್ಚು ನಾಚಿಕಿ ಇತ್ತು ಅಂತ ಈಗ ಗೊತ್ತಾಗೈತಿ.

ಕರೋನಾದ ಮಾತು ಒಂದಿಷ್ಟು. 2020ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಕಟ್ಟು ಬಿದ್ದಾಗ ಮಗ ಸೊಸಿ ಹ್ಯಾಂಗೋ ಮನೆಗೆ ಬಂದು ಮುಟ್ಟಿದರು. ಆರು ಮಂದಿ ಒಂದೇ ಸೂರಿನಡಿ. ಹುಡುಗನ ಜಲ್ಮದಾಗ ಅಷ್ಟು ಕೈ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಮೈ ತುಂಬಿತು, ನಗುತ್ತಿದ್ದ. ಆದರೆ ಫಿಟ್ಸಿನ ಗುಳಿಗಿ ನಾವು ಯಾವಾಗಲೂ ತರುತ್ತಿದ್ದದ್ದು ಗಡಿಯಾಚೆಯ ಕರ್ನಾಟಕದ ಪ್ಯಾಟಿಯಿಂದ. ಗಡಿಗೆ ಚೆಕ್‌ಪೋಸ್ಟ್ ಬಿತ್ತು. ಬೀಗತನ, ಬಜಾರ, ಮಾತು ಎಲ್ಲ ಆ ಕಡೆ, ರೇಷನ್ ಕಾರ್ಡು ಈ ಕಡೆ. ಮಗ ಎರಡು ಸಲ ಹೋಗಿ ತಿರುಗಿ ಬಂದ. ಆ ಗುಳಿಗಿ ಒಮ್ಮೆಲೇ ತಪ್ಪಿಸಬಾರದು, ತಪ್ಪಿತು. ಒಂದೇ ರಾತ್ರಿ ಐದು ಸಲ ಬಂತು. ಮೂರನೇ ದಿನ ಹಾಲಿನ ಗಾಡಿಯ ಡ್ರೈವರ್ ಅಂಗಿ ಕಿಸೆಯಾಗ ಇಟ್ಟುಕೊಂಡು ತಂದುಕೊಟ್ಟ. ರೊಕ್ಕ ತಗೊಳ್ಳಲಿಲ್ಲ.

ಈಗ ಹುಡುಗನಿಗೆ ಹದಿನೇಳು. ಮೀಸಿ ಚಿಗುರ್ಯಾವ. ನನಗಿಂತ ಬಲ ಹೆಚ್ಚು, ಕಟ್ಟಬೇಕೆಂದರೂ ನನ್ನ ಕೈಲಾಗದು. ಹದಿನೆಂಟಾದರೆ ಕಾಯಿದೆ ಪ್ರಕಾರ ಇಂಥವರಿಗೂ ತಾಯಿ ತಂದಿ ತಾವೇ ಪಾಲಕರು ಅನ್ನಾಕ ಬರೂದಿಲ್ಲ. 1999ರ ನ್ಯಾಶನಲ್ ಟ್ರಸ್ಟ್ ಕಾಯಿದೆ ಐತಿ, ಅದರ ಕೆಳಗ ಕಲೆಕ್ಟರರ ಸಮಿತಿಗೆ ಅರ್ಜಿ ಕೊಟ್ಟು ಪಾಲಕರ ಹೆಸರು ಬರೆಸಬೇಕು. ಅರ್ಜಿ ತಂದು ಇಟ್ಟೇನಿ. ಮಗ ಸೊಸಿ ವರ್ಷದಾಗ ಆರು ತಿಂಗಳು ಊರಾಗ ಇರೂದಿಲ್ಲ, ಅದಕ್ಕ ತಿಳಿದವರೊಬ್ಬರು, "ಅಕ್ಕನ ಹೆಸರು ಹಾಕ್ರಿ, ಮುಂದ ಅಕಿನ ನೋಡಬೇಕಲ್ಲ" ಅಂದರು. ಅವಳಿಗೆ ಈಗ ಇಪ್ಪತ್ತೊಂದು, ಹನ್ನೆರಡನೇದು ಮುಗಿಸಿ ಸಾಂಗಲಿಯಲ್ಲಿ ನರ್ಸಿಂಗ್ ಕಲಿಯುತ್ತಾಳೆ. ನಾನು ಎದ್ದು ನಿಂತು ಆಗೂದಿಲ್ಲ ಅಂದೆ. ಒಮ್ಮೆ ಕಟ್ಟಿದ್ದು ಸಾಕು, ಈಗ ಸರ್ಕಾರಿ ಕಾಗದದಿಂದ ಮತ್ತ ಕಟ್ಟೂದು ಬ್ಯಾಡ ಅಂದೆ. ನಾನು ಭಾಳ ತಿಳಿದವನಂಗ, ಭಾಳ ಸುಧಾರಿಸಿದವನಂಗ ಮಾತಾಡಿದೆ.

ಅವಳು ಸೂಟಿಗೆ ಬಂದಿದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು, ಹಿಟ್ಟಿನ ಕೈ ಹಂಗೇ ಇಟ್ಟುಕೊಂಡು, "ಅವತ್ತು ಸಾಲಿ ಬಿಡಿಸುವಾಗ ನನ್ನನ್ನ ಕೇಳಲಿಲ್ಲ. ಇವತ್ತು ನನ್ನ ಹೆಸರು ತೆಗೆಯುವಾಗಲೂ ಕೇಳವಲ್ಲಿ" ಅಂದಳು.

"ಹಂಗಾದ್ರ ಹಾಕಲೇನು ನಿನ್ನ ಹೆಸರು?" ಅಂದೆ.

"ವಿಚಾರ ಮಾಡಿ ಹೇಳತೀನಿ" ಅಂದಳು. ಹೇಳಿ ಒಳಗೆ ಹೋದಳು. ಹುಡುಗ ಎದ್ದು "ಅಕ್ಕ, ಬಾ" ಅನ್ನುತ್ತಾ ಅವಳ ಹಿಂದೆ ಹೋದ.

ಅರ್ಜಿ ದಮ್ಮಡಿಯ ಚೀಲದಾಗ ಐತಿ. ಆ ಒಂದು ಸಾಲು ಇನ್ನೂ ಖಾಲಿ ಬಿಟ್ಟೇನಿ.